ಗುರುತು ಮತ್ತು ಪುರಾವೆ: ನಿಡುಗಲ್ ಸೀಮೆಯ ಸಾರಿಗೆಯಲ್ಲಿ ಮದ್ಯ ತಪಾಸಣೆ ಹಾಗೂ ಮಾಲೀಕನ ಹೊಣೆ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ನಿಡುಗಲ್ ಸೀಮೆಯು ಕೋಟೆಗಳ ನಾಡಾಗಿರುವಂತೆ ದಾರಿಗಳ ನಾಡೂ ಹೌದು. ಚೋಳ ವಂಶದವರೆಂದು ಹೇಳಿಕೊಂಡ ನಿಡುಗಲ್ಲಿನ ಅರಸರ ಕಾಲದ ಬೆಟ್ಟದ ಕೋಟೆ ಇಂದಿನ ಪಾವಗಡ ತಾಲ್ಲೂಕಿನಲ್ಲಿದೆ. ಶಿರಾ ಪಟ್ಟಣವು ಹದಿನೇಳನೆಯ ಶತಮಾನದ ಕೊನೆಯಲ್ಲಿ ಮೊಗಲ್ ಸುಬಾದ ಕೇಂದ್ರವಾಗಿ ಬೆಳೆದು, ಇಂದು ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಪಾವಗಡವಾದರೋ ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ ಗಡಿ ತಾಲ್ಲೂಕು. ರೈಲಿನ ಅನುಕೂಲವಿಲ್ಲದೆ ದೀರ್ಘಕಾಲ ಬಾಳಿದ ಈ ಸೀಮೆಯ ಜನರಿಗೆ ಎತ್ತಿನ ಗಾಡಿ, ಆನಂತರ ಬಸ್ಸು ಮತ್ತು ಲಾರಿಗಳೇ ಆಧಾರವಾದವು. ಆದ್ದರಿಂದ ವಾಹನ ನಡೆಸುವವನು ಎಚ್ಚರದಲ್ಲಿದ್ದಾನೆಯೇ ಎಂಬ ಪ್ರಶ್ನೆ ಇಲ್ಲಿ ಇಡೀ ಊರಿನ ಪ್ರಶ್ನೆಯಾಗಿದೆ. ಈ ಪ್ರಶ್ನೆಯನ್ನು ಕೇಳಬೇಕಾದವರು ಯಾರು, ಅದನ್ನು ಕೇಳುವ ವಿಧಾನವನ್ನು ಅವರಿಗೆ ಯಾರಾದರೂ ಕಲಿಸಿದ್ದಾರೆಯೇ ಎಂಬುದನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗಾಡಿಯಿಂದ ಮೋಟಾರಿಗೆ

ಸಂತೆ ಮುಗಿಸಿ ಹೆಂಡದ ಅಮಲಿನಲ್ಲಿ ಗಾಡಿಯೊಳಗೆ ಮಲಗಿದ ಗಾಡಿಯವನನ್ನು ಎತ್ತುಗಳೇ ಮನೆಗೆ ಮುಟ್ಟಿಸಿದವೆಂಬ ಮಾತು ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಇದನ್ನು ಕೇವಲ ತಮಾಷೆಯೆಂದು ತಳ್ಳಿಹಾಕುವಂತಿಲ್ಲ. ಎತ್ತಿನ ಗಾಡಿಯಲ್ಲಿ ದಾರಿಯ ತಿಳಿವಳಿಕೆಯು ಮನುಷ್ಯ ಮತ್ತು ಪ್ರಾಣಿಗಳ ನಡುವೆ ಹಂಚಿಹೋಗಿತ್ತು. ಒಬ್ಬನು ಎಚ್ಚರ ತಪ್ಪಿದರೂ ಇನ್ನೊಂದು ಜೀವ ಎಚ್ಚರವಾಗಿರುತ್ತಿತ್ತು. ಮೋಟಾರು ಬಂದಾಗ ಈ ಹಂಚಿಕೆ ಇಲ್ಲವಾಯಿತು. ಆದರೆ ಕುಡಿತದ ಬಗೆಗಿನ ಸಮಾಜದ ಧೋರಣೆ ಅದೇ ವೇಗದಲ್ಲಿ ಬದಲಾಗಲಿಲ್ಲ.

ಈಚಲು ಮರದ ಹೆಂಡ ಮತ್ತು ಸರಾಯಿ ಈ ಭಾಗದ ದುಡಿಯುವ ಜನರ ಪಾನೀಯಗಳಾಗಿದ್ದವು. ನೆರೆಯ ಆಂಧ್ರಪ್ರದೇಶದಲ್ಲಿ ನೆಲ್ಲೂರು ಜಿಲ್ಲೆಯ ಮಹಿಳೆಯರಿಂದ ಆರಂಭವಾದ ಸರಾಯಿ ವಿರೋಧಿ ಚಳವಳಿಯ ಫಲವಾಗಿ 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧ ಜಾರಿಗೆ ಬಂದು 1997ರಲ್ಲಿ ಸಡಿಲಗೊಂಡಿತು. ಆ ಅವಧಿಯಲ್ಲಿ ಪಾವಗಡದ ಗಡಿಯ ಒಂದು ಬದಿಯಲ್ಲಿ ನಿಷೇಧ, ಇನ್ನೊಂದು ಬದಿಯಲ್ಲಿ ಪರವಾನಗಿ ಪಡೆದ ಅಂಗಡಿ. ಕರ್ನಾಟಕದಲ್ಲಿ ಸರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಿಂದ. ಹೆದ್ದಾರಿ ಬದಿಯ ಮದ್ಯದಂಗಡಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು 500 ಮೀಟರ್ ಅಂತರದ ಆದೇಶ ನೀಡಿ, 2017ರಲ್ಲಿ ಅದನ್ನು ಸಡಿಲಿಸಿತು. ಈ ಕ್ರಮಗಳೆಲ್ಲವೂ ಮದ್ಯದ ಅಂಗಡಿಯನ್ನು ಗುರಿಯಾಗಿಸಿಕೊಂಡವುಗಳೇ ಹೊರತು ಚಾಲಕನಿಗೆ ಕೆಲಸ ಕೊಟ್ಟವನನ್ನಲ್ಲ ಎಂಬುದು ಗಮನಾರ್ಹ.

ಕಾನೂನು ಕಂಡ ಬದಲಾವಣೆ

1939ರ ಮೋಟಾರು ವಾಹನ ಅಧಿನಿಯಮದ 117ನೆಯ ಕಲಮು ತನ್ನ ಮೂಲರೂಪದಲ್ಲಿ, ವಾಹನವನ್ನು ಸರಿಯಾಗಿ ಹತೋಟಿಯಲ್ಲಿಡಲಾರದಷ್ಟು ಅಮಲಿನಲ್ಲಿರುವುದನ್ನು ಅಪರಾಧವೆಂದು ಪರಿಗಣಿಸಿತ್ತು. ಅಲ್ಲಿ ಅಳತೆಯಿರಲಿಲ್ಲ, ನೋಡಿದವರ ಸಾಕ್ಷ್ಯವೇ ಮುಖ್ಯವಾಗಿತ್ತು. 1988ರ ಅಧಿನಿಯಮದ 185ನೆಯ ಕಲಮು ಮೊದಲು ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯವಿದ್ದರೂ ಅಪರಾಧವೆಂದಿತು. 1994ರ ತಿದ್ದುಪಡಿಯು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಮಿತಿಯನ್ನೂ ಉಸಿರು ತಪಾಸಣೆಯ ಯಂತ್ರವನ್ನೂ ತಂದಿತು. 2019ರ ತಿದ್ದುಪಡಿಯು ಪ್ರಯೋಗಾಲಯದ ಪರೀಕ್ಷೆಯನ್ನು ಸೇರಿಸಿ, ಮೊದಲ ಅಪರಾಧಕ್ಕೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿತು. ಗಾಂಜಾ, ಅಫೀಮು ಮೊದಲಾದ ಮಾದಕ ವಸ್ತುಗಳಿಗೆ ಇಂತಹ ಅಂಕಿಯ ಮಿತಿಯಿಲ್ಲ. ವಾಹನದ ಮೇಲೆ ಹತೋಟಿ ತಪ್ಪುವಷ್ಟು ಪ್ರಭಾವ ಎಂಬ ಹಳೆಯ ಅಳತೆಯೇ ಅಲ್ಲಿ ಉಳಿದಿದೆ.

ತಪಾಸಣೆಯ ಅಧಿಕಾರ ಯಾರದೆಂಬುದು ಇಲ್ಲಿ ಮುಖ್ಯ. 203ನೆಯ ಕಲಮು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಹಾಗೂ ಮೋಟಾರು ವಾಹನ ಇಲಾಖೆಯ ಅಧಿಕಾರಿಗೆ ಉಸಿರು ತಪಾಸಣೆಯ ಅಧಿಕಾರ ನೀಡುತ್ತದೆ. ಬಸ್ಸಿನ ಮಾಲೀಕನ ಹೆಸರು ಅಲ್ಲಿಲ್ಲ. ಅವನು 188ನೆಯ ಕಲಮಿನಲ್ಲಿ, ಅಂದರೆ ಕುಡಿದು ಓಡಿಸುವ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವನಿಗೂ ಶಿಕ್ಷೆಯುಂಟೆಂಬ ಕಡೆಯಲ್ಲಿ ಮಾತ್ರ ಕಾಣಿಸಿಕೊಳ್ಳಬಲ್ಲನು. ಹೀಗೆ ಕಾನೂನು ಮಾಲೀಕನನ್ನು ಅಪರಾಧಿಯಾಗಿ ಊಹಿಸಿಕೊಂಡಿದೆ. ಅಪರಾಧವಾಗುವುದಕ್ಕೆ ಮುನ್ನ ತಡೆಯಬಲ್ಲ ವ್ಯಕ್ತಿಯಾಗಿ ಅವನನ್ನು ಸಿದ್ಧಗೊಳಿಸಿಲ್ಲ. ಚಾಲಕನನ್ನು ತಪಾಸಣೆಗೆ ಒಳಪಡಿಸುವ ಅವನ ಹಕ್ಕು ಸೇವಾ ನಿಯಮದಿಂದ ಅಥವಾ ಕೆಲಸದ ಒಪ್ಪಂದದಿಂದ ಬರಬೇಕಾಗಿದೆ.

ನಿಗಮ ಮತ್ತು ಖಾಸಗಿ ಬಸ್ಸು

1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾದ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1961ರ ಆಗಸ್ಟ್ 1ರಂದು ನಿಗಮವಾಯಿತು. ಅಲ್ಲಿ 1971ರ ನಡತೆ ಮತ್ತು ಶಿಸ್ತು ನಿಯಮಾವಳಿಗಳಿವೆ, ಘಟಕ ವ್ಯವಸ್ಥಾಪಕನಿದ್ದಾನೆ, ವಿಚಾರಣೆಯ ಕ್ರಮವಿದೆ. ಕರ್ತವ್ಯಕ್ಕೆ ಹೊರಡುವ ಚಾಲಕನ ಉಸಿರನ್ನು ಘಟಕದಲ್ಲಿಯೇ ಪರೀಕ್ಷಿಸುವ ರೂಢಿಯೂ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಿಗಮದ ನೌಕರರಿಗಾಗಿ ಮದ್ಯವ್ಯಸನ ತಡೆಯುವ ಕಾರ್ಯಕ್ರಮವನ್ನು ನಡೆಸಿತು. ಕುಡಿತವನ್ನು ಶಿಸ್ತಿನ ಪ್ರಶ್ನೆಯಾಗಿ ಮಾತ್ರವಲ್ಲದೆ ಆರೋಗ್ಯದ ಪ್ರಶ್ನೆಯಾಗಿಯೂ ಕಂಡ ಪ್ರಯತ್ನವಿದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1996ರಲ್ಲಿ ಪ್ರಕಟಿಸಿದ ನೀತಿಸಂಹಿತೆಯೂ ಇದೇ ನಿಲುವನ್ನು ತಳೆದಿದೆ. ಮದ್ಯ ಹಾಗೂ ಮಾದಕ ವಸ್ತುಗಳ ಬಗೆಗಿನ ಕೆಲಸದ ನಿಯಮವನ್ನು ಮಾಲೀಕರೂ ಕಾರ್ಮಿಕರ ಪ್ರತಿನಿಧಿಗಳೂ ಕೂಡಿಯೇ ರೂಪಿಸಬೇಕೆಂಬುದು ಅದರ ಆಶಯ.

ಆದರೆ ನಿಡುಗಲ್ ಸೀಮೆಯ ಹಲವು ದಾರಿಗಳಲ್ಲಿ ಓಡುವವು ಖಾಸಗಿ ಬಸ್ಸುಗಳು. ಒಂದೆರಡು ಬಸ್ಸುಗಳ ಮಾಲೀಕನಿಗೆ ಘಟಕವೂ ಇಲ್ಲ, ನಿಯಮಾವಳಿಯೂ ಇಲ್ಲ. ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅನ್ವಯವಾಗುತ್ತಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಅಧಿನಿಯಮವು ದಿನಕ್ಕೆ ಎಂಟು ಗಂಟೆಯ ದುಡಿಮೆಯನ್ನೂ ವಿಶ್ರಾಂತಿ ಕೊಠಡಿಯನ್ನೂ ಹೇಳಿತ್ತು. ಅದು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯಲ್ಲಿ ವಿಲೀನಗೊಂಡಿದ್ದು, ಆ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. 2022ರ ಮಾರ್ಚ್ 19ರಂದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿಯ ಬಳಿ ಉರುಳಿ ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು. ಆಗ ಚರ್ಚೆಗೆ ಬಂದವು ಅತಿವೇಗ ಮತ್ತು ಮಿತಿಮೀರಿದ ಪ್ರಯಾಣಿಕರ ಸಂಖ್ಯೆ. ಮದ್ಯದೊಂದಿಗೆ ಆ ದುರಂತವನ್ನು ಜೋಡಿಸಲು ಆಧಾರವಿಲ್ಲ. ಆದರೆ ಬಸ್ಸು ನಿಲ್ದಾಣ ಬಿಡುವ ಮೊದಲೇ ನಿರ್ಧಾರವಾಗಬೇಕಾದ ಸಂಗತಿಗಳಿವೆ, ಅವುಗಳ ಹೊಣೆ ಚಾಲಕನೊಬ್ಬನದಲ್ಲ ಎಂಬುದನ್ನು ಅದು ತೋರಿಸಿತು.

ಗುರುತು ಮತ್ತು ಪುರಾವೆ

ಆಯುಧಪೂಜೆಯ ದಿನ ಮಾಲೀಕನು ತಾನೇ ನಿಂತು ವಾಹನವನ್ನು ತೊಳೆಸಿ, ಬೂದುಗುಂಬಳಕಾಯಿ ಒಡೆಸಿ, ಗಾಲಿಗಳಡಿ ನಿಂಬೆಹಣ್ಣಿಟ್ಟು, ಚಾಲಕ ಮತ್ತು ಕ್ಲೀನರುಗಳಿಗೆ ಬಟ್ಟೆ, ಹಣ ಕೊಡುವುದು ಪರಿಚಿತ ಆಚರಣೆ. ವಾಹನದ ಕ್ಷೇಮ ಮಾಲೀಕನ ಹೊಣೆಯೆಂಬ ಒಪ್ಪಂದ ಈ ಆಚರಣೆಯಲ್ಲಿ ಅಡಗಿದೆ. ಅವರಿಬ್ಬರ ನಡುವೆ ಕೂಲಿಯ ಸಂಬಂಧದ ಜೊತೆಗೆ ‘ಅಣ್ಣ’ ಎಂದು ಕರೆಯುವ ಸಲುಗೆಯೂ ಇರುತ್ತದೆ. ಈ ಸಲುಗೆಯೇ ತಪಾಸಣೆಗೆ ಅಡ್ಡಿಯಾಗಬಲ್ಲದು. ಎಂಜಿನ್ನಿನ ಎಣ್ಣೆಯನ್ನು ನೋಡುವುದು ಕಾಳಜಿಯೆನಿಸಿದರೆ, ಮನುಷ್ಯನ ಉಸಿರನ್ನು ನೋಡುವುದು ಅವಮಾನವೆನಿಸುತ್ತದೆ. ಆಗ ಮಾಲೀಕನು ಮುಖ ನೋಡಿ ತಿಳಿದುಕೊಳ್ಳುವುದಕ್ಕೆ ತೃಪ್ತನಾಗುತ್ತಾನೆ.

ಕೆಂಪಾದ ಕಣ್ಣು, ತೊದಲು ಮಾತು, ತಪ್ಪುವ ಹೆಜ್ಜೆ, ಬಾಯಿಯ ವಾಸನೆ ಇವು ಜನಪದರು ಬಲ್ಲ ಗುರುತುಗಳು. ನ್ಯಾಯಾಲಯ ಇವನ್ನು ಹೇಗೆ ಕಂಡಿದೆ? ಬಚ್ಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ (1971) ವಾಸನೆ, ತಪ್ಪುವ ನಡಿಗೆ, ಅಸಂಬದ್ಧ ಮಾತು ಮತ್ತು ಹಿಗ್ಗಿದ ಕಣ್ಣಪಾಪೆಗಳನ್ನು ವೈದ್ಯರು ಹೇಳಿದ್ದರೂ, ರಕ್ತ ಅಥವಾ ಮೂತ್ರ ಪರೀಕ್ಷೆಯಿಲ್ಲದಿರುವಾಗ ಅಷ್ಟರಿಂದಲೇ ಪಾನಮತ್ತನೆಂದು ನಿರ್ಧರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಇದಕ್ಕೆ ಪ್ರತಿಯಾಗಿ 2021ರ ಇಫ್ಕೋ ಟೋಕಿಯೋ ವಿಮಾ ಪ್ರಕರಣದಲ್ಲಿ, ಉಸಿರು ಅಥವಾ ರಕ್ತ ಪರೀಕ್ಷೆ ಇಲ್ಲದಿದ್ದರೂ ಇತರ ಸಂದರ್ಭಗಳಿಂದ ಚಾಲಕನ ಅಮಲನ್ನು ವಿಮಾ ಕಂಪನಿ ಸಾಧಿಸಬಹುದೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಅಲ್ಲಿ ಪರಿಹಾರ ಕಳೆದುಕೊಂಡದ್ದು ವಾಹನದ ಒಡೆತನ ಹೊಂದಿದ್ದ ಸಂಸ್ಥೆ. ಹೀಗೆ ಗುರುತು ಒಂದೆಡೆ ಸಾಲದಾಗಿ, ಇನ್ನೊಂದೆಡೆ ಸಾಕಾಗಿದೆ. ಈ ಎರಡರ ನಡುವೆ ನಿಂತ ಮಾಲೀಕನಿಗೆ ತರಬೇತಿ ಬೇಕಾಗಿರುವುದು ಇಲ್ಲಿಯೇ.

ಅಮೆರಿಕದಲ್ಲಿ 1987ರ ಜನವರಿ 4ರಂದು ಮೇರಿಲ್ಯಾಂಡಿನ ಚೇಸ್ ಬಳಿ ನಡೆದ ರೈಲು ಅಪಘಾತದಲ್ಲಿ 16 ಜನ ಮಡಿದರು. ಎಂಜಿನ್ ಚಾಲಕನು ಗಾಂಜಾ ಸೇವಿಸಿದ್ದು ತಿಳಿದುಬಂದು, ಅದರ ಬೆನ್ನಲ್ಲಿ 1991ರಲ್ಲಿ ಸಾರಿಗೆ ನೌಕರರ ತಪಾಸಣೆಯ ಕಾಯಿದೆ ರೂಪುಗೊಂಡಿತು. ಅಲ್ಲಿ ರಸ್ತೆ ಸಾರಿಗೆಯ ಮೇಲ್ವಿಚಾರಕನು ಮದ್ಯದ ಬಗ್ಗೆ 60 ನಿಮಿಷ, ಮಾದಕ ವಸ್ತುಗಳ ಬಗ್ಗೆ 60 ನಿಮಿಷ ತರಬೇತಿ ಪಡೆಯಲೇಬೇಕು. ಅದರಲ್ಲಿ ಕಲಿಸುವುದು ಚಹರೆ, ವರ್ತನೆ, ಮಾತು, ವಾಸನೆಗಳನ್ನು ಗಮನಿಸಿ ನಿರ್ದಿಷ್ಟವಾಗಿ ಹೇಳುವುದನ್ನು. ಅಂದರೆ ಜನಪದರು ಬಲ್ಲ ಅವೇ ಗುರುತುಗಳು ಅಲ್ಲಿ ತಪಾಸಣೆಗೆ ಕಾರಣವಾಗುತ್ತವೆ, ಶಿಕ್ಷೆಗಲ್ಲ. ಮೊದಲ ಉಸಿರು ಪರೀಕ್ಷೆಯಲ್ಲಿ ಮದ್ಯ ಕಂಡರೆ ಕನಿಷ್ಠ 15 ನಿಮಿಷ ಬಿಟ್ಟು ಖಚಿತಪಡಿಸುವ ಎರಡನೆಯ ಪರೀಕ್ಷೆ ನಡೆಯುತ್ತದೆ. ಬಾಯಿಯಲ್ಲಿ ಉಳಿದ ಔಷಧಿ ಅಥವಾ ಮೌತ್‌ವಾಶ್‌ನಿಂದ ನಿರಪರಾಧಿಯ ಕೆಲಸ ಹೋಗಬಾರದೆಂಬುದು ಇದರ ಹಿಂದಿನ ಎಚ್ಚರ. ಭಾರತದ ಮೋಟಾರು ವಾಹನ ಅಧಿನಿಯಮದಲ್ಲಿ ಮಾಲೀಕರ ತರಬೇತಿಗೆ ಇಂತಹ ಗಂಟೆಗಳ ಲೆಕ್ಕವಿಲ್ಲ. ರೈಲ್ವೆಯಲ್ಲಾದರೆ ರೈಲು ಓಡಿಸುವುದಕ್ಕೆ ನೇರವಾಗಿ ಸಂಬಂಧಿಸಿದ ನೌಕರನು ಕರ್ತವ್ಯಕ್ಕೆ ಮುಂಚಿನ ಎಂಟು ಗಂಟೆಗಳಲ್ಲಿ ಮದ್ಯ ಮುಟ್ಟಬಾರದೆಂಬ ಸಾಮಾನ್ಯ ನಿಯಮವುಂಟು.

ರಾತ್ರಿ ತಂಗುವ ಬಸ್ಸು

ಎಂಟು ಗಂಟೆಯ ಅಂತರವೂ ಎಲ್ಲ ಸಂದರ್ಭಗಳಲ್ಲಿ ಸಾಲದು. ದೇಹವು ಗಂಟೆಗೆ ಸುಮಾರು 10ರಿಂದ 20 ಮಿಲಿಗ್ರಾಂನಷ್ಟು ಮದ್ಯವನ್ನು 100 ಮಿಲಿಲೀಟರ್ ರಕ್ತದಿಂದ ಕಳೆಯುತ್ತದೆ. ನಡುರಾತ್ರಿ 150 ಮಿಲಿಗ್ರಾಂ ಇದ್ದವನಲ್ಲಿ, ಗಂಟೆಗೆ 15ರಂತೆ ಕಳೆದರೆ, ಬೆಳಗಿನ ಆರಕ್ಕೆ ಇನ್ನೂ 60 ಮಿಲಿಗ್ರಾಂ ಉಳಿದಿರುತ್ತದೆ. ಅದು ಕಾನೂನಿನ ಮಿತಿಯ ಇಮ್ಮಡಿ. ಸ್ನಾನ, ಕಾಫಿ, ಮಜ್ಜಿಗೆಗಳು ಈ ಲೆಕ್ಕವನ್ನು ಬದಲಿಸಲಾರವು. ನಿದ್ದೆ ಮಾಡಿ ಎದ್ದ ಚಾಲಕನು ತಾನು ಸರಿಯಾಗಿದ್ದೇನೆಂದು ಪ್ರಾಮಾಣಿಕವಾಗಿ ನಂಬಿರಬಹುದು. ಮುಖ ನೋಡಿದವರಿಗೂ ಗುರುತು ಸಿಕ್ಕದಿರಬಹುದು.

ಹಳ್ಳಿಯಲ್ಲಿ ರಾತ್ರಿ ತಂಗಿ ಮುಂಜಾನೆ ಹೊರಡುವ, ಜನರ ಬಾಯಲ್ಲಿ ‘ನೈಟ್ ಹಾಲ್ಟ್’ ಎಂದಾದ ಬಸ್ಸಿನಲ್ಲಿ ಈ ಸಮಸ್ಯೆ ಸ್ಪಷ್ಟವಾಗುತ್ತದೆ. ಘಟಕದ ಬಾಗಿಲಿನಲ್ಲಿರುವ ಯಂತ್ರ ಆ ಹಳ್ಳಿಗೆ ಹೋಗುವುದಿಲ್ಲ. ಶಾಲಾ ಮಕ್ಕಳು, ತರಕಾರಿ ಹೊತ್ತವರು, ಆಸ್ಪತ್ರೆಗೆ ಹೋಗುವವರು ಹತ್ತುವ ಮೊದಲ ಬಸ್ಸಿಗೆ ನಿರ್ವಾಹಕನೊಬ್ಬನೇ ಸಾಕ್ಷಿ. ನಿರ್ವಾಹಕನಿಗೆ ಕೈಯಲ್ಲಿ ಹಿಡಿಯುವ ಯಂತ್ರವನ್ನು ಕೊಡುವುದಾದರೆ, ಸಂಗಾತಿಯ ವಿರುದ್ಧ ದೂರು ಹೇಳಬೇಕಾದವನ ಸಂಕಟಕ್ಕೂ ನಿಯಮದಲ್ಲಿ ಜಾಗವಿರಬೇಕು. ಮಾದಕ ವಸ್ತುಗಳ ವಿಷಯ ಇನ್ನೂ ಸೂಕ್ಷ್ಮ. ಮೂತ್ರ ಪರೀಕ್ಷೆ ಹಿಂದಿನ ಸೇವನೆಯನ್ನು ತೋರಿಸಬಲ್ಲದೇ ಹೊರತು ಆ ಕ್ಷಣದ ಅಮಲನ್ನಲ್ಲ. ದೂರದ ಲಾರಿ ಚಾಲಕನು ನಿದ್ದೆ ತಡೆಯಲು ಏನನ್ನಾದರೂ ಸೇವಿಸಿದ್ದರೆ, ಅವನಿಗೆ ನಿದ್ದೆಯ ಹೊತ್ತು ಕೊಡದ ಮಾಲೀಕನ ಕಡೆಗೂ ಆ ಪರೀಕ್ಷೆಯ ಫಲಿತಾಂಶ ಬೊಟ್ಟು ಮಾಡುತ್ತದೆ.

ಶಿಕ್ಷೆಯ ಪ್ರಮಾಣವೂ ಮಾಲೀಕನು ಅರಿಯಬೇಕಾದ ವಿಷಯ. ಸಶಸ್ತ್ರ ಪೊಲೀಸ್ ಪಡೆಯ ಸಿಬ್ಬಂದಿಯನ್ನು ಕುಡಿದು ಕರೆದೊಯ್ದ ಚಾಲಕನೊಬ್ಬನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ಆ ನಡತೆಯನ್ನು ಸಹಿಸಲಾಗದೆಂದಿತು. ಆದರೂ ಅವನ ದೀರ್ಘ ಸೇವೆಯನ್ನು ಪರಿಗಣಿಸಿ ವಜಾ ಆದೇಶವನ್ನು ಕಡ್ಡಾಯ ನಿವೃತ್ತಿಯಾಗಿ ಮಾರ್ಪಡಿಸಿತು. ಪ್ರಯಾಣಿಕರ ಜೀವ ಮತ್ತು ಚಾಲಕನ ಕುಟುಂಬದ ಅನ್ನ, ಎರಡನ್ನೂ ತೂಗಿದ ತೀರ್ಪಿದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗಾಡಿಯ ಕಾಲದಲ್ಲಿ ಎತ್ತಿಗೂ ಪಾಲಿದ್ದ ಎಚ್ಚರವು ಮೋಟಾರಿನ ಕಾಲದಲ್ಲಿ ಚಾಲಕನೊಬ್ಬನ ಮೇಲೆ ಬಿದ್ದಿತು. ಕಾನೂನು ಆ ಎಚ್ಚರವನ್ನು ಅಳೆಯುವ ಕೆಲಸವನ್ನು ದಾರಿಯ ನಡುವಿನ ಪೊಲೀಸನಿಗೆ ಒಪ್ಪಿಸಿತು. ಆದರೆ ಪೊಲೀಸನು ತಡೆಯುವ ಹೊತ್ತಿಗೆ ಬಸ್ಸು ಆಗಲೇ ಹಲವು ಊರುಗಳನ್ನು ದಾಟಿರುತ್ತದೆ. ಹೊರಡುವ ಮುನ್ನ ತಡೆಯಬಲ್ಲವನು ಮಾಲೀಕ ಅಥವಾ ಅವನ ಪರವಾಗಿ ನಿಂತ ಮೇಲ್ವಿಚಾರಕ ಮಾತ್ರ. ಅವನಿಗೆ ಕಲಿಸಬೇಕಾದುದು ಯಂತ್ರದ ಗುಂಡಿ ಒತ್ತುವುದನ್ನಷ್ಟೇ ಅಲ್ಲ. ಗುರುತನ್ನು ಗುರುತಾಗಿ, ಪುರಾವೆಯನ್ನು ಪುರಾವೆಯಾಗಿ ಕಾಣುವುದು, ಎಲ್ಲರಿಗೂ ಒಂದೇ ನಿಯಮವಿಡುವುದು, ಎರಡನೆಯ ಪರೀಕ್ಷೆಗೆ ಅವಕಾಶ ಕೊಡುವುದು, ಫಲಿತಾಂಶವನ್ನು ಊರ ಮಾತಾಗಿಸದಿರುವುದು, ವ್ಯಸನಿಗೆ ಚಿಕಿತ್ಸೆಯ ದಾರಿ ತೋರಿಸುವುದು ಈ ಕಲಿಕೆಯ ಅಂಗಗಳು. ಜನಪದರ ಗುರುತಿನ ಜ್ಞಾನವನ್ನು ತಳ್ಳಿಹಾಕದೆ ಅದರ ಮಿತಿಯನ್ನು ತಿಳಿಸುವ ಪಾಠಕ್ರಮ ಕನ್ನಡದಲ್ಲಿ, ಗಡಿಭಾಗದಲ್ಲಿ ಅಗತ್ಯವಿದ್ದರೆ ತೆಲುಗಿನಲ್ಲಿಯೂ ಸಿದ್ಧವಾದರೆ, ಆಯುಧಪೂಜೆಯ ದಿನ ವಾಹನದ ಬಗ್ಗೆ ತೋರುವ ಕಾಳಜಿಯು ಅದನ್ನು ನಡೆಸುವವನ ಬಗ್ಗೆಯೂ ವರ್ಷವಿಡೀ ಉಳಿಯುವುದು ಸಾಧ್ಯವಾದೀತು.