ಕರ್ಣನಾದದ ಅಳತೆ: ಯಂತ್ರದ ಸಂಖ್ಯೆ ಮತ್ತು ರೋಗಿಯ ಮಾತು

ಹೊರಗೆ ಯಾವ ಸದ್ದೂ ಇಲ್ಲದಿರುವಾಗ ಕಿವಿಯೊಳಗೆ ಕೇಳಿಬರುವ ಮೊರೆತವನ್ನು ಸುಶ್ರುತ ಸಂಹಿತೆಯ ಉತ್ತರತಂತ್ರವು ಕರ್ಣರೋಗಗಳ ಸಾಲಿನಲ್ಲಿ ಸೇರಿಸಿದೆ. ಇಂದಿನ ವೈದ್ಯಕೀಯದಲ್ಲಿ ಇದರ ಹೆಸರು ಟಿನಿಟಸ್. ಸಾಮಾನ್ಯವಾಗಿ ಇದನ್ನು ಅನುಭವಿಸುವವರ ಹೊರತು ಬೇರಾರೂ ಕೇಳಲಾರರು. ಆದ್ದರಿಂದ ಇದರ ಅಳತೆಯ ಇತಿಹಾಸವು ರೋಗಿಯ ಮಾತನ್ನು ಎಷ್ಟು ನಂಬಬೇಕೆಂಬ ಪ್ರಶ್ನೆಯ ಇತಿಹಾಸವೂ ಆಗಿದೆ.

ಹಗಲಿರುಳೂ ತನ್ನ ಕಿವಿಗಳು ಮೊರೆಯುತ್ತಿವೆಯೆಂದು ಬೀಥೋವನ್ 1801ರಲ್ಲಿ ತನ್ನ ವೈದ್ಯಮಿತ್ರನಿಗೆ ಬರೆದನು. ಚೆಕ್ ಸಂಗೀತಕಾರ ಸ್ಮೆತಾನಾ 1876ರಲ್ಲಿ ರಚಿಸಿದ ತಂತಿವಾದ್ಯ ಚತುಷ್ಟಯದ ಕೊನೆಯ ಭಾಗದಲ್ಲಿ ತನ್ನ ಕಿವಿಯ ನಾದವನ್ನು ಒಂದು ದೀರ್ಘ ತಾರಸ್ವರವಾಗಿ ಅಳವಡಿಸಿದನು. ನಾದದ ಸ್ಥಾಯಿಯನ್ನು ಹೀಗೆ ಸ್ವರದಲ್ಲಿ ಗುರುತಿಸಬಹುದಾಗಿತ್ತು. ಅದರ ಗಟ್ಟಿತನಕ್ಕೆ ಮಾತ್ರ ಅಳತೆಗೋಲಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಶ್ರವಣಮಾಪಕ ಯಂತ್ರ ಬಳಕೆಗೆ ಬಂದ ಮೇಲೆ ಆ ಕೊರತೆ ನೀಗಿದಂತೆ ತೋರಿತು. ಯಂತ್ರದ ಸ್ವರವನ್ನು ಕೇಳಿಸುತ್ತ, ಅದು ಒಳಗಿನ ನಾದಕ್ಕೆ ಸಮನೆನಿಸುವವರೆಗೆ ಹೊಂದಿಸುವುದು ಕ್ರಮ. ರೋಗಿಗೆ ಕೇಳಿಸುವ ಕನಿಷ್ಠ ಮಟ್ಟಕ್ಕಿಂತ ಅದು ಎಷ್ಟು ಡೆಸಿಬೆಲ್ ಮೇಲಿದೆಯೋ ಅದೇ ಅಳತೆ. ನ್ಯೂಯಾರ್ಕಿನ ಕರ್ಣತಜ್ಞ ಎಡ್ಮಂಡ್ ಪ್ರಿನ್ಸ್ ಫೌಲರ್ ಹೀಗೆ ಅಳೆದಾಗ ಸಂಖ್ಯೆ ಅಚ್ಚರಿಪಡುವಷ್ಟು ಚಿಕ್ಕದಾಗಿತ್ತು; ಬಹುತೇಕ 5ರಿಂದ 10 ಡೆಸಿಬೆಲ್, ಅಂದರೆ ಪಿಸುಮಾತಿಗಿಂತಲೂ ಕಡಿಮೆ. ರೋಗಿಗಳಾದರೋ ಭೋರ್ಗರೆತವೆನ್ನುತ್ತಿದ್ದರು. 1942ರ ತನ್ನ ಲೇಖನದ ಶೀರ್ಷಿಕೆಯಲ್ಲಿಯೇ ಫೌಲರ್ ಇದನ್ನು ಗಟ್ಟಿತನದ ಭ್ರಮೆಯೆಂದು ಕರೆದನು.

ಭ್ರಮೆಯೆಂಬ ಈ ಮಾತಿಗೆ ಉತ್ತರವೊಂದು ಫೌಲರನ ಸಂಶೋಧನೆಯಲ್ಲಿಯೇ ಇತ್ತೆಂಬುದು ಗಮನಾರ್ಹ. ಹಾನಿಗೊಂಡ ಕಿವಿಗೆ ಸಣ್ಣ ಸದ್ದು ಕೇಳಿಸುವುದೇ ಇಲ್ಲ. ಆದರೆ ಕೇಳಿಸತೊಡಗಿದ ಸದ್ದು ಸ್ವಲ್ಪವೇ ಏರಿದರೂ ಅದರ ಗಟ್ಟಿತನ ಬಹುಬೇಗ ಬೆಳೆಯುತ್ತದೆ. ಇದನ್ನು 1930ರ ದಶಕದಲ್ಲಿ ವಿವರಿಸಿದವನು ಆತನೇ. ಅಂಥ ಕಿವಿಯಲ್ಲಿ 10 ಡೆಸಿಬೆಲ್ ಎಂಬುದು ಅಲ್ಪವಲ್ಲ. 1980ರಲ್ಲಿ ಗುಡ್‌ವಿನ್ ಮತ್ತು ಜಾನ್ಸನ್, ಶ್ರವಣಶಕ್ತಿ ಸರಿಯಿರುವ ಸ್ಥಾಯಿಯ ಸ್ವರದೊಡನೆ ಹೋಲಿಸಿದಾಗ ಅದೇ ನಾದಕ್ಕೆ ಹೆಚ್ಚಿನ ಸಂಖ್ಯೆ ದೊರೆಯಿತು. ರೋಗಿಯ ಮಾತಿಗಿಂತ ಮೊದಲು ಅನುಮಾನಿಸಬೇಕಾಗಿದ್ದುದು ಅಳತೆಗೋಲನ್ನು.

ಆದರೂ ಸಂಖ್ಯೆಯು ಸಂಕಟಕ್ಕೆ ಸಮನಾಗಲಿಲ್ಲ. ಒಂದೇ ಗಟ್ಟಿತನದ ನಾದವನ್ನು ಒಬ್ಬರು ಮರೆತು ಬಾಳುತ್ತಾರೆ, ಇನ್ನೊಬ್ಬರು ನಿದ್ರೆಗೆಡುತ್ತಾರೆ. 1996ರಲ್ಲಿ ನ್ಯೂಮನ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿಯ 25 ಪ್ರಶ್ನೆಗಳು ನಾದವು ಬದುಕನ್ನು ಎಷ್ಟು ಕೆಡಿಸಿದೆಯೆಂದು ಕೇಳುತ್ತವೆ. ರೋಗಿಯ ಉತ್ತರಗಳೇ 0ಯಿಂದ 100ರವರೆಗಿನ ಅಂಕವಾಗುತ್ತವೆ. ಭ್ರಮೆಯೆನಿಸಿಕೊಂಡಿದ್ದ ಮಾತು ಹೀಗೆ ಪ್ರಮಾಣವಾಯಿತು.