ಜಾಲತಾಣದಲ್ಲಿ ಸೇವಾ ಮಾಹಿತಿ: ಯೋಜನೆ ಹಾಗೂ ಪರಿಷ್ಕರಣೆ

ಪೀಠಿಕೆ

ಸರ್ಕಾರಿ ಜಾಲತಾಣದ ಉಪಯುಕ್ತತೆಯು ಅದರ ವಿನ್ಯಾಸಕ್ಕಿಂತ ಹೆಚ್ಚಾಗಿ ಅದರಲ್ಲಿನ ಮಾಹಿತಿಯನ್ನು ಅವಲಂಬಿಸಿರುತ್ತದೆ. ಯಾವ ಮಾಹಿತಿಯು ಯಾರಿಗಾಗಿ, ಯಾವ ಭಾಷೆಯಲ್ಲಿ, ಯಾವ ಅಧಿಕಾರಿಯ ಹೊಣೆಯಲ್ಲಿ ಪ್ರಕಟವಾಗಬೇಕು ಹಾಗೂ ಯಾವಾಗ ಪರಿಷ್ಕೃತವಾಗಬೇಕು ಎಂಬುದನ್ನು ಮುಂಚಿತವಾಗಿ ನಿರ್ಧರಿಸುವುದೇ ಮಾಹಿತಿ ಯೋಜನೆ.

ಅಗತ್ಯ

ಖಾನಾಪುರ ತಾಲ್ಲೂಕಿನ ಕಣಕುಂಬಿಯು ಮಲಪ್ರಭಾ ನದಿಯ ಉಗಮಸ್ಥಾನ. ಆ ಭಾಗದಿಂದ ಹೊರಟ ಅರ್ಜಿದಾರರಿಗೆ ಜಾಂಬೋಟಿಯಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಮಾರ್ಗವು ಖಾನಾಪುರದ ತಹಶೀಲ್ದಾರರ ಕಚೇರಿಯ ಕಡೆಗೂ, ಇನ್ನೊಂದು ಬೆಳಗಾವಿಯ ಜಿಲ್ಲಾಧಿಕಾರಿಗಳ ಕಚೇರಿಯ ಕಡೆಗೂ ಸಾಗುತ್ತದೆ. ಅರ್ಜಿಯನ್ನು ಯಾವ ಕಚೇರಿಯಲ್ಲಿ ಸಲ್ಲಿಸಬೇಕೆಂಬ ಒಂದು ಸಾಲು ಜಾಲತಾಣದಲ್ಲಿ ಇಲ್ಲದಿದ್ದರೆ ಅಥವಾ ಹಳೆಯದಾಗಿದ್ದರೆ, ಕೂಲಿ ಕಾರ್ಮಿಕರು ಒಂದು ದಿನದ ದುಡಿಮೆಯನ್ನೂ ಬಸ್ ವೆಚ್ಚವನ್ನೂ ಕಳೆದುಕೊಳ್ಳುತ್ತಾರೆ.

ಕಾನೂನಿನ ಆಧಾರ

ಮಾಹಿತಿ ಹಕ್ಕು ಅಧಿನಿಯಮ, 2005ರ ಕಲಂ 4(1)(ಬಿ) ಪ್ರಕಾರ ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವು 17 ಬಾಬುಗಳ ಮಾಹಿತಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಿ, ಪ್ರತಿ ವರ್ಷ ಪರಿಷ್ಕರಿಸತಕ್ಕದ್ದು. ಮಾಹಿತಿ ಪ್ರಸಾರದಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿರಿಸಬೇಕೆಂದು ಕಲಂ 4(4) ತಿಳಿಸುತ್ತದೆ. 2012ರಲ್ಲಿ ಜಾರಿಗೆ ಬಂದ ಸಕಾಲ ಯೋಜನೆಯು ಅಧಿಸೂಚಿತ ಸೇವೆಗಳಿಗೆ ಕಾಲಮಿತಿಯನ್ನೂ, ವಿಳಂಬವಾದಲ್ಲಿ ಮೇಲ್ಮನವಿಯ ಅವಕಾಶವನ್ನೂ ಕಲ್ಪಿಸಿದೆ. ಕಾಲಮಿತಿ ಎಷ್ಟೆಂದು ತಿಳಿಯದ ಅರ್ಜಿದಾರರಿಗೆ ಈ ಹಕ್ಕನ್ನು ಚಲಾಯಿಸುವುದು ಕಷ್ಟ.

ಪ್ರತಿ ಸೇವೆಯ ಪುಟದಲ್ಲಿ ಇರಬೇಕಾದ ಅಂಶಗಳು

1. ಅರ್ಜಿ ಸಲ್ಲಿಸಬೇಕಾದ ಕಚೇರಿ: ನಾಡಕಚೇರಿ, ತಾಲ್ಲೂಕು ಕಚೇರಿ ಅಥವಾ ಜಿಲ್ಲಾ ಕಚೇರಿ.
2. ಲಗತ್ತಿಸಬೇಕಾದ ದಾಖಲಾತಿಗಳ ಪೂರ್ಣ ಪಟ್ಟಿ.
3. ನಿಗದಿತ ಶುಲ್ಕ.
4. ವಿಲೇವಾರಿಯ ಕಾಲಮಿತಿ.
5. ಮೇಲ್ಮನವಿ ಪ್ರಾಧಿಕಾರಿಯ ಪದನಾಮ.
6. ಕೊನೆಯದಾಗಿ ಪರಿಷ್ಕರಿಸಿದ ದಿನಾಂಕ ಹಾಗೂ ಹೊಣೆಗಾರ ಅಧಿಕಾರಿಯ ಪದನಾಮ.

ಹೆಸರು ಮತ್ತು ಭಾಷೆ

ದಿನಾಂಕ 1-11-2014ರಿಂದ ನಗರದ ಅಧಿಕೃತ ಹೆಸರು ಬೆಳಗಾವಿ. ಅದಕ್ಕೂ ಹಿಂದಿನ ಆಂಗ್ಲ ದಾಖಲೆಗಳಲ್ಲಿ 'ಬೆಲ್ಗಾಂ' ಎಂಬ ರೂಪವಿರುವುದರಿಂದ, ಎರಡೂ ಹೆಸರುಗಳಿಂದ ಹುಡುಕಿದರೂ ಒಂದೇ ಮಾಹಿತಿ ದೊರೆಯುವಂತಿರಬೇಕು. ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕನ್ನಡ ಪುಟಗಳು ಹುಡುಕಾಟಕ್ಕೆ ಸಿಗುವುದಿಲ್ಲ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಅವಶ್ಯ. ಮರಾಠಿ ಮನೆಮಾತಿನ ಅರ್ಜಿದಾರರೂ ಈ ಭಾಗದಲ್ಲಿ ಇರುವುದರಿಂದ ಕಚೇರಿ ಪರಿಭಾಷೆಗಿಂತ ಸರಳ ಕನ್ನಡವೇ ಸೂಕ್ತ. ಉದಾಹರಣೆಗೆ, 'ಆರ್.ಟಿ.ಸಿ.' ಎಂದಷ್ಟೇ ನಮೂದಿಸದೆ 'ಪಹಣಿ' ಎಂದೂ ಬರೆಯಬೇಕು.

ಪರಿಷ್ಕರಣೆ

ಹೊಸ ಪುಟಗಳನ್ನು ಸೇರಿಸುವ ಮೊದಲು ಇರುವ ಪುಟಗಳನ್ನು ಪರಿಶೀಲಿಸತಕ್ಕದ್ದು. ರದ್ದಾದ ಆದೇಶಗಳು, ಹಳೆಯ ನಮೂನೆಗಳು ಹಾಗೂ ವರ್ಗಾವಣೆಗೊಂಡ ಅಧಿಕಾರಿಗಳ ಹೆಸರುಗಳನ್ನು ಸೇವಾ ಪುಟಗಳಿಂದ ತೆಗೆಯಬೇಕು. ಕಚೇರಿಯ ವಿಚಾರಣಾ ಕೌಂಟರ್‌ನಲ್ಲಿ ಪದೇ ಪದೇ ಕೇಳಲಾಗುವ ಪ್ರಶ್ನೆಗಳೇ ಜಾಲತಾಣದ ಕೊರತೆಯನ್ನು ತೋರಿಸುತ್ತವೆ. ಅವುಗಳನ್ನು ದಾಖಲಿಸಿಕೊಂಡು ಉತ್ತರಗಳನ್ನು ಆಯಾ ಪುಟದಲ್ಲಿ ಸೇರಿಸುವುದು ಉತ್ತಮ ಕ್ರಮ.

ಅರ್ಜಿದಾರರ ಗಮನಕ್ಕೆ

ಕಚೇರಿಗೆ ಹೊರಡುವ ಮುನ್ನ ಪುಟದ ಪರಿಷ್ಕರಣಾ ದಿನಾಂಕವನ್ನು ನೋಡಿಕೊಳ್ಳುವುದು ಹಾಗೂ ಅರ್ಜಿ ಸಲ್ಲಿಸಿದ ನಂತರ ಸ್ವೀಕೃತಿ ಪತ್ರವನ್ನು ಪಡೆದು ಕಾಪಾಡಿಕೊಳ್ಳುವುದು ಸೂಕ್ತ. ಪುಟದಲ್ಲಿನ ವಿವರಕ್ಕೂ ಕಚೇರಿಯಲ್ಲಿ ತಿಳಿಸಿದ ವಿವರಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಸಂಬಂಧಪಟ್ಟ ಅಧಿಕಾರಿಗೆ ಲಿಖಿತವಾಗಿ ತಿಳಿಸಬಹುದು.