ಹೊಂಗೂದಲು, ಕೆಂಚುಗೂದಲು

ಉಡುಪಿಯಿಂದ ಕುಂದಾಪುರದ ದಾರಿ ಹಿಡಿದರೆ ಸ್ವರ್ಣಾ ನದಿಯ ಸೇತುವೆಗೆ ಮುಂಚೆ ಕಲ್ಯಾಣಪುರ ಸಿಗುತ್ತದೆ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಮಿಲಾಗ್ರಿಸ್ ಚರ್ಚು ನೆಲೆಗೊಂಡಿತು. ಕರಾವಳಿಯ ಅಕ್ಕಿಗಾಗಿ ಪೋರ್ಚುಗೀಸರು ಈ ಭಾಗದ ರೇವುಗಳಿಗೆ ಬರುತ್ತಿದ್ದ ಕಾಲವದು. ಜನ ಅವರನ್ನು ಪರಂಗಿಗಳೆಂದರು. ಅರಬರು ಯುರೋಪಿನ ಫ್ರಾಂಕ್ ಜನರಿಗೆ ಇಟ್ಟ ಹೆಸರು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದು ಈ ರೂಪ ತಾಳಿತು. ಪರಂಗಿ ಹಣ್ಣಿಗೂ ಫಿರಂಗಿ ತೋಪಿಗೂ ಅದೇ ಮೂಲ.

ಪರಂಗಿ ಎಂದೊಡನೆ ಕೆಂಪು ಮೂತಿ, ಬೆಕ್ಕಿನ ಕಣ್ಣು, ಜೋಳದ ತೆನೆಯ ನಾರಿನಂಥ ಕೂದಲು ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಪೋರ್ಚುಗೀಸರಲ್ಲಿ ಹೆಚ್ಚಿನವರದು ಕಪ್ಪು ಇಲ್ಲವೆ ಕಂದು ಕೂದಲು. 1681ರಿಂದ 1684ರವರೆಗೆ ಕೆನರಾದ ಕ್ರೈಸ್ತರ ನಡುವೆ ದುಡಿದು, ಕಲ್ಯಾಣಪುರದಲ್ಲೂ ಸೇವೆ ಸಲ್ಲಿಸಿದ ಜೋಸೆಫ್ ವಾಜ್ ಪಾದ್ರಿಯಂತೂ ಗೋವೆಯ ಕೊಂಕಣಿಗ. ನಾವು ಕಲ್ಪಿಸಿಕೊಳ್ಳುವ ಹೊಂಗೂದಲು ಹೆಚ್ಚಾಗಿ ಉತ್ತರ ಯುರೋಪಿನದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ಅದು ಪೋರ್ಚುಗಲ್ಲಿಗಿಂತ ಹೆಚ್ಚು ಸಾಮಾನ್ಯ.

ಹಾಗಾದರೆ ಈ ಬಣ್ಣದ ಕೂದಲು ನಮಗೆ ಹೊಸದೇ? ಅಲ್ಲ. ಕನ್ನಡದಲ್ಲಿ ಅದಕ್ಕೆ ಹತ್ತಿರದ ಬಣ್ಣಕ್ಕೆ 'ಕೆಂಚು' ಎಂಬ ಸ್ವಂತ ಪದವೇ ಉಂಟು. ಕೆಂಚ, ಕೆಂಚಪ್ಪ ಎಂದು ಮಕ್ಕಳಿಗೆ ಹೆಸರಿಟ್ಟವರು ನಾವು. ಹಾಸನದ ಕಡೆ ಕೆಂಚಮ್ಮ ದೇವತೆ. 1938ರಲ್ಲಿ ಬಂದ ರಾಜಾರಾಯರ 'ಕಾಂತಪುರ' ಕಾದಂಬರಿಯ ಗ್ರಾಮದೇವತೆಯೂ ಕೆಂಚಮ್ಮನೇ. ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಒಮ್ಮತವಿಲ್ಲ. ಪತಂಜಲಿಯ 'ಮಹಾಭಾಷ್ಯ' ಬ್ರಾಹ್ಮಣನನ್ನು ಗುರುತಿಸುವ ಹೊರಲಕ್ಷಣಗಳಲ್ಲಿ ಕಪಿಲವರ್ಣದ ಕೂದಲನ್ನೂ ಹೇಳುತ್ತದೆ. ಮನುಸ್ಮೃತಿಯ 3ನೆಯ ಅಧ್ಯಾಯವೋ, ಕಪಿಲವರ್ಣದ ಕನ್ಯೆಯನ್ನು ವರಿಸಬಾರದೆನ್ನುತ್ತದೆ! ಗಂಡಿಗೆ ಗೌರವ ತಂದ ಬಣ್ಣವೇ ಹೆಣ್ಣಿಗೆ ಕುಂದಾಯಿತು.

ಪಶ್ಚಿಮದಲ್ಲೂ ಇದೇ ಕಥೆ. ರೋಮಿನ ಸಿರಿವಂತ ಸ್ತ್ರೀಯರು ಯುದ್ಧದಲ್ಲಿ ಸೋತ ಜರ್ಮನ್ ಬುಡಕಟ್ಟುಗಳವರ ಕೂದಲಿನಿಂದ ಚೌರಿ ಮಾಡಿಸಿಕೊಂಡರು. ಅಮೆರಿಕದಲ್ಲಿ 1925ರಲ್ಲಿ ಅನಿಟಾ ಲೂಸ್ ಬರೆದ ಕಾದಂಬರಿ, ಅದನ್ನಾಧರಿಸಿ 1953ರಲ್ಲಿ ಮೆರಿಲಿನ್ ಮನ್ರೋ ನಟಿಸಿದ ಚಿತ್ರ, ಇವುಗಳಿಂದ 'ಹೊಂಗೂದಲಿನ ಹೆಣ್ಣು ಚೆಲುವೆ, ಆದರೆ ದಡ್ಡಿ' ಎಂಬ ನಗೆಮಾತು ಬಲವಾಯಿತು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಬುದ್ಧಿಮತ್ತೆಯ ಅಂಕಗಳನ್ನು ಹೋಲಿಸಿ ನೋಡಿದಾಗ ಅವರು ಯಾರಿಗೂ ಕಡಿಮೆಯಿರಲಿಲ್ಲ. ನಗೆಮಾತಿಗಿಂತ ಘೋರವಾದದ್ದು ಜರ್ಮನಿಯಲ್ಲಿ ನಡೆಯಿತು. ನಾಜಿಗಳು ಸಂಸ್ಕೃತದ 'ಆರ್ಯ' ಶಬ್ದವನ್ನು ಹೊಂಗೂದಲು, ನೀಲಿ ಕಣ್ಣಿಗೆ ಅಂಟಿಸಿದರು. ಆ ಜನಾಂಗವಾದ ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡಿತು. ಸ್ವತಃ ಹಿಟ್ಲರನ ಕೂದಲು ಕಪ್ಪುಛಾಯೆಯದು.

ಹೊಂಗೂದಲು ಬಿಳಿಯರ ಸೊತ್ತೂ ಅಲ್ಲ. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಕಡುಗಪ್ಪು ಮೈಬಣ್ಣದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಹೊಂಗೂದಲುಂಟು. ಅದಕ್ಕೆ ಕಾರಣವಾದ ವಂಶವಾಹಿಯ ಬದಲಾವಣೆ ಯುರೋಪಿನಿಂದ ಬಂದದ್ದಲ್ಲವೆಂದು 2012ರಲ್ಲಿ ಗೊತ್ತಾಯಿತು.

ಇನ್ನೊಂದು ಕೆಂಚುಗೂದಲಿದೆ, ಅದನ್ನು ನೋಡಿ ನಕ್ಕವರೇ ಹೆಚ್ಚು. ಎಣ್ಣೆ ಕಾಣದ ತಲೆಯೆಂದು ತರಗತಿಯಲ್ಲಿ ಹಾಸ್ಯಕ್ಕೀಡಾಗುವ ಮಗುವಿನ ಕೂದಲು ಬಿಸಿಲು, ಉಪ್ಪುನೀರಿನಿಂದ ಮಾಸಿರಬಹುದು, ಹಸಿವಿನಿಂದಲೂ ಕೆಂಪಾಗಿರಬಹುದು. ಪ್ರೋಟೀನಿನ ಕೊರತೆಯಿಂದ ಬರುವ ಕ್ವಾಶಿಯೋರ್ಕರ್ ಎಂಬ ಈ ಕಾಯಿಲೆಯನ್ನು 1930ರ ದಶಕದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಆಫ್ರಿಕದ ಮಕ್ಕಳಲ್ಲಿ ಗುರುತಿಸಿ ವಿವರಿಸಿದರು. ಅಂಥ ಮಗುವಿಗೆ ಹೊಟ್ಟೆ ತುಂಬ ಒಳ್ಳೆಯ ಆಹಾರ ಸಿಕ್ಕರೆ ಬುಡದಿಂದ ಕಪ್ಪು ಕೂದಲು ಬೆಳೆಯುತ್ತದೆ. ಹಸಿವಿನ ತಿಂಗಳುಗಳು ಅದೇ ಎಳೆಯ ತುದಿಯಲ್ಲಿ ಕೆಂಪು ಪಟ್ಟಿಯಾಗಿ ಉಳಿದಿರುತ್ತವೆ.